ನಿರೋಧವೂ ನಾಶವೂ: ಮೆಕ್‌ಪಿ-೨ ಎಂಬ ವಂಶವಾಹಿಯ ಕಾರ್ಯವಿಚಾರ

ನನ್ನಲ್ಲಿ ಹಿಂದೆ ಕಾವ್ಯಪಾಠವನ್ನು ಹೇಳಿಸಿಕೊಂಡು ಈಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯರಾಗಿರುವ ಮಿತ್ರರೊಬ್ಬರು ಕೆಲವು ತಿಂಗಳ ಕೆಳಗೆ ಒಂದು ವೈದ್ಯಪತ್ರವನ್ನು ತಂದು ನನ್ನ ಮುಂದಿಟ್ಟರು. ಅದು ಅವರ ಮಗಳಿಗೆ ಸಂಬಂಧಿಸಿದ್ದು. ಆ ಕೂಸು ಒಂದೂಕಾಲು ವರ್ಷದವರೆಗೆ ಎಲ್ಲ ಮಕ್ಕಳಂತೆಯೇ ಬೆಳೆದು, ನಾಲ್ಕಾರು ಮಾತುಗಳನ್ನು ಕಲಿತು, ಬಟ್ಟಲನ್ನು ತಾನೇ ಹಿಡಿದು ಹಾಲು ಕುಡಿಯುತ್ತಿತ್ತಂತೆ. ಆಮೇಲೆ ಕಲಿತ ಮಾತುಗಳು ಒಂದೊಂದಾಗಿ ಹೋದುವು. ಕೈಗಳು ಹಿಡಿಯುವುದನ್ನು ಮರೆತು ಹಗಲೆಲ್ಲ ಒಂದನ್ನೊಂದು ಹಿಸುಕಿಕೊಳ್ಳತೊಡಗಿದುವು. ಇಂಗ್ಲಿಷಿನಲ್ಲಿದ್ದ ಆ ಪತ್ರವನ್ನು ಮಿತ್ರರು ಮನೆಯ ಹಿರಿಯರಿಗಾಗಿ ಕನ್ನಡಕ್ಕೆ ತಿರುಗಿಸಿದ್ದರು. 'ಇತರ ವಂಶವಾಹಿಗಳನ್ನು ನಾಶಗೊಳಿಸುವ ವಂಶವಾಹಿಯೊಂದು ಕೆಟ್ಟಿರುವುದರಿಂದ ಈ ರೋಗವು ಬಂದಿದೆ' ಎಂಬುದು ಅವರ ವಾಕ್ಯ. ಅದನ್ನು ಕೇಳಿದ ಅಜ್ಜಿಯು, 'ಒಳಗೆಲ್ಲ ನಾಶವಾಗಿಹೋಗಿದ್ದರೆ ಇನ್ನು ಮಾಡುವುದೇನು?' ಎಂದು ಕೈಚೆಲ್ಲಿ ಕುಳಿತರಂತೆ. 'ಈ ಶಬ್ದ ಸರಿಯೇ?' ಎಂದು ಮಿತ್ರರು ನನ್ನನ್ನು ಕೇಳಿದರು.

ಶಬ್ದವನ್ನು ನಿಷ್ಕರ್ಷಿಸಬೇಕಾದರೆ ಅರ್ಥವು ಮೊದಲು ತಿಳಿದಿರಬೇಕು. ಜೀವವಿಜ್ಞಾನದಲ್ಲಿ ನನಗೆ ಗುರುಮುಖವಾದ ಪಾಠವಿಲ್ಲ. ಆದರೂ ತಿಳಿದವರನ್ನು ಕೇಳಿ, ಅವರು ತೋರಿಸಿದ ಲೇಖನಗಳನ್ನು ಓದಿ, ನನಗೆ ಸ್ಪಷ್ಟವಾದಷ್ಟನ್ನು ವ್ಯಾಕರಣವನ್ನು ಬಲ್ಲ ವಾಚಕರ ಮುಂದೆ ಇಡುತ್ತಿದ್ದೇನೆ. ಈ ವಿಷಯವು ನಮ್ಮ ಶಾಸ್ತ್ರದ ಕಣ್ಣಿಗೆ ತೀರ ಅಪರಿಚಿತವಾದುದಲ್ಲವೆಂಬುದು ಮುಂದೆ ವಿದಿತವಾಗುವುದು.

೧. ಅಕ್ಷರಗಳೂ ಕಟ್ಟೂ

ಮನುಷ್ಯಶರೀರದ ಒಂದೊಂದು ಜೀವಕೋಶದ ನಡುವೆಯೂ ಡಿ.ಎನ್.ಎ. ಎಂಬ ದ್ರವ್ಯದ ಎಳೆಗಳಿರುವುವು. ಎ, ಟಿ, ಜಿ, ಸಿ ಎಂದು ಸಂಕೇತಿಸಲ್ಪಡುವ ನಾಲ್ಕು ಘಟಕಗಳೇ ಅದರ ಅಕ್ಷರಮಾಲೆ. ತಂದೆಯಿಂದ ಬಂದ ಒಂದು ಪ್ರತಿಯಲ್ಲಿ ಮುನ್ನೂರು ಕೋಟಿಗೂ ಮಿಕ್ಕ ಅಕ್ಷರಗಳು. ತಾಯಿಯಿಂದ ಬಂದುದರಲ್ಲಿಯೂ ಅಷ್ಟೇ. ಈ ದೀರ್ಘಪಾಠದಲ್ಲಿ ಅಲ್ಲಲ್ಲಿ ಪ್ರೋಟೀನುಗಳನ್ನು ಕಟ್ಟುವ ವಿಧಾನವು ಬರೆದಿರುವುದು. ಅಂತಹ ಒಂದು ಭಾಗಕ್ಕೆ ಪ್ರೋಟೀನನ್ನು ಸೂಚಿಸುವ ವಂಶವಾಹಿಯೆಂದು ಹೆಸರು. ಇವುಗಳ ಸಂಖ್ಯೆ ಸುಮಾರು ೨೦,೦೦೦. ವಂಶವಾಹಿಯು ಫಲಿಸಬೇಕಾದರೆ ಅದರ ಪಾಠವು ಮೊದಲು ಆರ್.ಎನ್.ಎ. ಎಂಬ ಬೇರೊಂದು ದ್ರವ್ಯದಲ್ಲಿ ನಕಲಾಗಬೇಕು. ಈ ಕ್ರಿಯೆಯೇ ಪ್ರತಿಲೇಖನ. ಆ ನಕಲನ್ನು ನೋಡಿ ಕೋಶವು ಪ್ರೋಟೀನನ್ನು ಕಟ್ಟುವುದು.

ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಪಾಠವು ಒಂದೇ. ಹೀಗಿರಲು ಕಣ್ಣು ಕಣ್ಣಾಗಿಯೂ ಯಕೃತ್ತು ಯಕೃತ್ತಾಗಿಯೂ ಇರುವುದು ಹೇಗೆ? ಒಂದೊಂದು ಕೋಶವೂ ತನಗೆ ಬೇಕಾದ ಭಾಗಗಳನ್ನು ಮಾತ್ರ ಪ್ರತಿಲೇಖಿಸಿ ಮಿಕ್ಕವುಗಳನ್ನು ಮೌನದಲ್ಲಿಡುವುದರಿಂದ. ಆದುದರಿಂದ ಯಾವುದನ್ನು ಓದಬೇಕೆಂಬುದು ಎಷ್ಟು ಮುಖ್ಯವೋ ಯಾವುದನ್ನು ಓದಬಾರದೆಂಬುದೂ ಅಷ್ಟೇ ಮುಖ್ಯ.

ಒಂದು ಕೋಶದ ಡಿ.ಎನ್.ಎ.ಯನ್ನು ಬಿಡಿಸಿ ಉದ್ದವಾಗಿ ಹಿಡಿದರೆ ಸುಮಾರು ೨ ಮೀಟರು ಆಗುವುದು. ಅದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಅಡ್ಡಳತೆಯ ಗೂಡಿನಲ್ಲಿ ಅಡಗಿರಬೇಕು. ಇದಕ್ಕಾಗಿ ಅದು ಹಿಸ್ಟೋನುಗಳೆಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುವುದು. ಹಿಸ್ಟೋನುಗಳನ್ನು ೧೮೮೪ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಗುರುತಿಸಿದನು. ಅವು ಎಂಟೆಂಟು ಕೂಡಿ ಒಂದು ಗುಂಡಾಗುವುವೆಂದೂ ಅದರ ಸುತ್ತ ಡಿ.ಎನ್.ಎ. ಸುತ್ತಿರುವುದೆಂದೂ ೧೯೭೪ರಲ್ಲಿ ರಾಜರ್ ಕಾರ್ನ್‌ಬರ್ಗ್ ಪ್ರತಿಪಾದಿಸಿದನು. ೧೯೯೭ರಲ್ಲಿ ಸ್ಫಟಿಕಪರೀಕ್ಷೆಯಿಂದ ಅದರ ಸೂಕ್ಷ್ಮವಾದ ಆಕಾರವೇ ಕಾಣಿಸಿತು: ೧೪೭ ಅಕ್ಷರಜೋಡಿಗಳು ಒಂದೊಂದು ಗುಂಡನ್ನು ಒಂದೂವರೆ ಸುತ್ತಿಗಿಂತ ತುಸು ಹೆಚ್ಚಾಗಿ ಬಳಸಿರುವುವು. ಎಳೆಯೂ ಗುಂಡುಗಳೂ ಸೇರಿದ ಈ ಒಟ್ಟು ವಸ್ತುವೇ ಕ್ರೊಮಾಟಿನ್.

ಓಲೆಗರಿಯ ಗ್ರಂಥಗಳನ್ನು ಕೈಯಲ್ಲಿ ಹಿಡಿದು ಬಲ್ಲವರಿಗೆ ಇದು ಸುಲಭವಾಗಿ ಮನಸ್ಸಿಗೆ ಬರುವುದು. ಹಲಗೆಗಳ ನಡುವೆ ಬಿಗಿಯಾಗಿ ದಾರ ಸುತ್ತಿದ ಕಟ್ಟಿನಲ್ಲಿ ಪಾಠವೆಲ್ಲವೂ ಇದೆ. ಆದರೆ ದಾರ ಸಡಿಲುವ ತನಕ ಓದು ಸಾಧ್ಯವಿಲ್ಲ. ಕ್ರೊಮಾಟಿನ್ನೂ ಹಾಗೆಯೇ ಸಡಿಲವಾಗಿರುವ ಎಡೆಯಲ್ಲಿ ಪ್ರತಿಲೇಖನಕ್ಕೆ ಎಡೆಗೊಡುವುದು, ಬಿಗಿದಿರುವಲ್ಲಿ ತಡೆಯುವುದು. ಈ ಸಡಿಲಕ್ಕೂ ಬಿಗಿಗೂ ಕಾರಣವಾದುದು ವಿದ್ಯುದಾಕರ್ಷಣೆ. ಡಿ.ಎನ್.ಎ. ಋಣವಿದ್ಯುತ್ತುಳ್ಳದ್ದು. ಹಿಸ್ಟೋನಿನಿಂದ ಹೊರಚಾಚಿರುವ ಬಾಲಗಳಲ್ಲಿನ ಲೈಸೀನ್ ಎಂಬ ಘಟಕಗಳು ಧನವಿದ್ಯುತ್ತುಳ್ಳವು. ಇವೆರಡೂ ಒಂದನ್ನೊಂದು ಸೆಳೆಯುವುವು. ಲೈಸೀನಿನ ಮೇಲೆ ಅಸಿಟೈಲ್ ಎಂಬ ಚಿಕ್ಕ ತುಣುಕು ಸೇರಿದರೆ ಅದರ ಧನತ್ವವು ಅಡಗಿ ಕಟ್ಟು ಸಡಿಲುವುದು. ಆ ತುಣುಕನ್ನು ತೆಗೆದುಹಾಕಿದರೆ ಮತ್ತೆ ಬಿಗಿಯುವುದು. ಅಸಿಟೈಲ್ ಸೇರುವುದಕ್ಕೂ ಪ್ರತಿಲೇಖನಕ್ಕೂ ಸಂಬಂಧವುಂಟೆಂದು ೧೯೬೪ರಲ್ಲಿಯೇ ವಿನ್ಸೆಂಟ್ ಆಲ್ಫ್ರೆ ಸೂಚಿಸಿದ್ದನು. ಸೇರಿಸುವ ಮತ್ತು ತೆಗೆಯುವ ಎಂಜೈಮುಗಳು ಯಾವುವೆಂದು ೧೯೯೬ರಲ್ಲಿ ಬೇರೆಬೇರೆ ಪ್ರಯೋಗಶಾಲೆಗಳು ಕಂಡುಕೊಂಡ ಮೇಲೆ ಆ ಸೂಚನೆಯು ಬಲಗೊಂಡಿತು.

೨. ಉಚ್ಚಾರವಿಲ್ಲದ ಗುರುತು

ಯಾವ ಎಡೆಯಲ್ಲಿ ಬಿಗಿಯಬೇಕೆಂಬುದನ್ನು ತಿಳಿಸುವವರು ಯಾರು? ಇಲ್ಲಿ ನಮ್ಮ ವ್ಯಾಕರಣದ ಒಂದು ಸಂಗತಿಯನ್ನು ನೆನೆಯಬೇಕು. 'ಕೃ' ಧಾತುವಿಗೆ 'ತೃಚ್' ಪ್ರತ್ಯಯವು ಸೇರಿದರೆ ಋಕಾರಕ್ಕೆ ಗುಣವು ಬಂದು 'ಕರ್ತೃ' ಎಂದಾಗುವುದು. ಅದೇ ಧಾತುವಿಗೆ 'ಕ್ತ್ವಾ' ಸೇರಿದರೆ ಗುಣವಿಲ್ಲದೆ 'ಕೃತ್ವಾ' ಎಂದಾಗುವುದು. ಈ ಭೇದಕ್ಕೆ ಕಾರಣವು 'ಕ್ತ್ವಾ' ಎಂಬುದರ ಮೊದಲಿನ ಕಕಾರ. ಅದು ಸಿದ್ಧರೂಪದಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ, ಅದು ಅನುಬಂಧಮಾತ್ರ. ತಾನು ಉಚ್ಚರಿತವಾಗದೆಯೇ, ಧಾತುವಿನ ಒಂದು ಅಕ್ಷರವನ್ನೂ ಅಳಿಸದೆಯೇ, ನಡೆಯಬೇಕಾಗಿದ್ದ ಕಾರ್ಯವೊಂದನ್ನು ಅದು ತಡೆಯುತ್ತದೆ.

ಡಿ.ಎನ್.ಎ.ಯಲ್ಲಿಯೂ ಇಂತಹ ಅನುಬಂಧವಿರುವುದು. ಸಿ ಎಂಬ ಅಕ್ಷರದ ಮುಂದೆ ಜಿ ಬಂದಿರುವ ಕಡೆಗಳಲ್ಲಿ ಆ ಸಿಕಾರದ ಮೇಲೆ ಮೀಥೈಲ್ ಎಂಬ ಅತ್ಯಲ್ಪವಾದ ತುಣುಕು ಅಂಟಿಕೊಳ್ಳಬಹುದು. ಅದರಿಂದ ಅಕ್ಷರವು ಬದಲಾಗುವುದಿಲ್ಲ. ಸಿ ಸಿಯಾಗಿಯೇ ಉಳಿದು, ಎದುರೆಳೆಯ ಜಿಯೊಡನೆ ಎಂದಿನಂತೆ ಜೋಡಿಯಾಗುವುದು. ಕೋಶವು ಇಬ್ಭಾಗವಾಗುವಾಗ ಹಳೆಯ ಎಳೆಯ ಗುರುತನ್ನು ನೋಡಿ ಹೊಸ ಎಳೆಯ ಮೇಲೆಯೂ ಗುರುತನ್ನು ಹಾಕುವ ಎಂಜೈಮು ಉಂಟು. ಆದುದರಿಂದ ಪಾಠದೊಡನೆ ಗುರುತೂ ಪರಂಪರೆಯಾಗಿ ನಡೆಯುವುದು. ಇಂತಹ ಗುರುತುಗಳು ವಂಶವಾಹಿಗಳನ್ನು ಮೌನದಲ್ಲಿಡಬಹುದೆಂಬ ವಾದವನ್ನು ೧೯೭೫ರಲ್ಲಿ ಆರ್ಥರ್ ರಿಗ್ಸ್ ಒಬ್ಬನೂ, ರಾಬಿನ್ ಹಾಲಿಡೆ ಮತ್ತು ಜಾನ್ ಪ್ಯೂ ಇಬ್ಬರೂ, ಪರಸ್ಪರ ಸಂಬಂಧವಿಲ್ಲದೆ ಪ್ರಕಟಿಸಿದರು.

ಆದರೆ ಅನುಬಂಧವು ತಾನೇ ಕಾರ್ಯವನ್ನು ಮಾಡಲಾರದು. ಅದನ್ನು ನೋಡಿ ನಿಷೇಧವನ್ನು ವಿಧಿಸುವ ಸೂತ್ರವು ಬೇರೆಯಾಗಿರಬೇಕು. ಪ್ರಕೃತ ಮೆಕ್‌ಪಿ-೨ ಆ ಸೂತ್ರದ ಸ್ಥಾನದಲ್ಲಿ ನಿಲ್ಲುವುದು.

೩. ಗುರುತನ್ನು ಓದುವ ಪ್ರೋಟೀನು

ಮೀಥೈಲ್ ಗುರುತಿಗೆ ಅಂಟುವ ಎರಡನೆಯ ಪ್ರೋಟೀನು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಸಂಕ್ಷೇಪವೇ ಮೆಕ್‌ಪಿ-೨. ಏಡ್ರಿಯನ್ ಬರ್ಡ್ ಎಂಬ ವಿದ್ವಾಂಸನೂ ಆತನ ಸಹೋದ್ಯೋಗಿಗಳೂ ಇದನ್ನು ಕಂಡುಹಿಡಿದು ೧೯೯೨ರಲ್ಲಿ ಪ್ರಕಟಪಡಿಸಿದರು. ಮನುಷ್ಯರಲ್ಲಿ ಇದರ ವಂಶವಾಹಿಯು ಎಕ್ಸ್ ವರ್ಣತಂತುವಿನ ಉದ್ದಭುಜದ ತುದಿಯ ಬಳಿಯಲ್ಲಿರುವುದು. ಪ್ರೋಟೀನಿಗೆ ೪೮೬ ಮತ್ತು ೪೯೮ ಘಟಕಗಳ ಎರಡು ರೂಪಗಳುಂಟು. ಮಿದುಳಿನ ನರಕೋಶಗಳಲ್ಲಿ ಇದು ಹೇರಳವಾಗಿದೆ.

ಇದರ ಶರೀರದಲ್ಲಿ ಎರಡು ಭಾಗಗಳು ಮುಖ್ಯವಾದುವು. ಮೊದಲನೆಯದು ಮೀಥೈಲ್ ಗುರುತುಳ್ಳ ಡಿ.ಎನ್.ಎ.ಯನ್ನು ಹಿಡಿಯುವ ಭಾಗ. ಎರಡನೆಯದು ನಿರೋಧಕರಾದ ಸಹಾಯಕರನ್ನು ಕರೆದು ನಿಲ್ಲಿಸಿಕೊಳ್ಳುವ ಭಾಗ. ೧೯೯೮ರಲ್ಲಿ ಎರಡು ಪ್ರಯೋಗಶಾಲೆಗಳವರು ಪ್ರತ್ಯೇಕವಾಗಿ ತೋರಿಸಿದುದೇನೆಂದರೆ, ಮೆಕ್‌ಪಿ-೨ರೊಡನೆ ಹಿಸ್ಟೋನುಗಳಿಂದ ಅಸಿಟೈಲನ್ನು ಕೀಳುವ ಎಂಜೈಮುಗಳ ಸಮೂಹವು ಕೂಡಿರುವುದೆಂಬುದು. ಆ ಎಂಜೈಮನ್ನು ಕಟ್ಟಿಹಾಕುವ ಔಷಧಿಯನ್ನು ಕೊಟ್ಟಾಗ ನಿರೋಧವು ತಕ್ಕಮಟ್ಟಿಗೆ ಸಡಿಲಿತು. ೨೦೧೩ರಲ್ಲಿ ಬರ್ಡನ ಬಳಗದವರು ಮತ್ತೂ ಮುಂದುವರಿದು, ಎನ್‌ಕಾರ್ ಮತ್ತು ಸ್ಮರ್ಟ್ ಎಂಬ ಹೆಸರುಳ್ಳ ಸಹನಿರೋಧಕಸಮೂಹಗಳು ಮೆಕ್‌ಪಿ-೨ರ ಒಂದು ಚಿಕ್ಕ ಪ್ರದೇಶವನ್ನು ನೇರವಾಗಿ ಹಿಡಿಯುವುವೆಂದು ತೋರಿಸಿದರು. ಅಸಿಟೈಲನ್ನು ಕೀಳುವ ಎಂಜೈಮೊಂದು ಆ ಸಮೂಹಗಳಲ್ಲಿಯೇ ಇರುವುದು.

ಆದುದರಿಂದ ಕ್ರಮವು ಹೀಗಾಗುವುದು. ಡಿ.ಎನ್.ಎ.ಯ ಮೇಲೆ ಮೀಥೈಲ್ ಗುರುತಿದೆ, ಮೆಕ್‌ಪಿ-೨ ಅದನ್ನು ಗುರುತಿಸಿ ಹಿಡಿಯುವುದು, ತನ್ನ ಇನ್ನೊಂದು ಭಾಗದಿಂದ ಸಹನಿರೋಧಕವನ್ನು ಅಲ್ಲಿಗೆ ತರುವುದು, ಅದರ ಎಂಜೈಮು ನೆರೆಯ ಹಿಸ್ಟೋನುಗಳ ಅಸಿಟೈಲನ್ನು ಕೀಳುವುದು, ಧನತ್ವವು ಮರಳಿ ಕಟ್ಟು ಬಿಗಿಯುವುದು, ಪ್ರತಿಲೇಖನವು ತಗ್ಗುವುದು. ಮೆಕ್‌ಪಿ-೨ ಇಲ್ಲಿ ಸೇತುವೆಯಂತಿದೆ. ಒಂದು ತುದಿ ಗುರುತಿನ ಮೇಲೆ, ಇನ್ನೊಂದು ತುದಿ ಬಿಗಿಯುವ ಕೈಯ ಮೇಲೆ. ೨೦೧೭ರಲ್ಲಿ ಇಲಿಗಳಲ್ಲಿ ನಡೆದ ಪ್ರಯೋಗವು ಇದಕ್ಕೆ ಪುಷ್ಟಿಕೊಟ್ಟಿತು. ಪ್ರೋಟೀನಿನ ಸುಮಾರು ಮೂರನೆಯ ಎರಡು ಪಾಲನ್ನು ಕತ್ತರಿಸಿ, ಮುಖ್ಯವಾಗಿ ಈ ಎರಡು ತುದಿಗಳನ್ನು ಉಳಿಸಿದರೂ ಇಲಿಗಳು ಬದುಕಿ, ಬಲುಮಟ್ಟಿಗೆ ಆರೋಗ್ಯವಾಗಿದ್ದುವು.

೪. ಪೂರ್ವಪಕ್ಷ

ಇಲ್ಲಿ ಒಂದು ಆಕ್ಷೇಪವು ಏಳುವುದು. ಮೆಕ್‌ಪಿ-೨ ನಿರೋಧಕವಾಗಿದ್ದ ಪಕ್ಷದಲ್ಲಿ ಅದಿಲ್ಲದ ಮಿದುಳಿನಲ್ಲಿ ವಂಶವಾಹಿಗಳೆಲ್ಲ ಏರಿದ ದನಿಯಲ್ಲಿ ನುಡಿಯಬೇಕಷ್ಟೆ. ಆದರೆ ೨೦೦೮ರಲ್ಲಿ ಹೂಡಾ ಜೋಗ್ಬಿ ಎಂಬ ವಿದುಷಿಯ ಬಳಗದವರು ಇಲಿಗಳ ಮಿದುಳನ್ನು ಪರೀಕ್ಷಿಸಿದಾಗ, ಈ ಪ್ರೋಟೀನು ಇಲ್ಲದ ಕಡೆ ಅನೇಕ ವಂಶವಾಹಿಗಳ ಪ್ರತಿಲೇಖನವು ಇಳಿದಿತ್ತು. ಆದಕಾರಣ ಇದನ್ನು ಪ್ರಚೋದಕವೆಂದೇ ಏಕೆ ಕರೆಯಬಾರದು?

ಸಮಾಧಾನವಿದು. ಮೆಕ್‌ಪಿ-೨ ಒಂದೆರಡು ವಂಶವಾಹಿಗಳನ್ನು ಆರಿಸಿ ಪೂರ್ಣವಾಗಿ ಬಾಯಿಕಟ್ಟುವಂಥದಲ್ಲ. ನರಕೋಶಗಳಲ್ಲಿ ಅದು ವರ್ಣತಂತುಗಳ ಉದ್ದಕ್ಕೂ ಹರಡಿಕೊಂಡು, ಸಾವಿರಾರು ವಂಶವಾಹಿಗಳ ಮೇಲೆ ಒಂದೊಂದರಲ್ಲಿಯೂ ಸ್ವಲ್ಪಸ್ವಲ್ಪವಾಗಿ ಪ್ರಭಾವವನ್ನು ಬೀರುವುದು. ಇಷ್ಟು ವ್ಯಾಪಕವಾದ ನಿಯಮವು ತಪ್ಪಿದಾಗ ಕೋಶದ ಸ್ಥಿತಿಯೇ ಬದಲಾಗಿ, ಕೆಲವು ವಂಶವಾಹಿಗಳು ಪರಂಪರೆಯಾಗಿ ಕುಗ್ಗುವುದು ಅಸಹಜವಲ್ಲ. ಪರಂಪರಾಫಲವು ಬೇರೆ, ಸಾಕ್ಷಾತ್ಕಾರ್ಯವು ಬೇರೆ. ಗುರುತಿನ ದಟ್ಟಣೆ ಹೆಚ್ಚಾಗಿರುವ ವಂಶವಾಹಿಗಳೇ ಮೆಕ್‌ಪಿ-೨ ಇಲ್ಲದಾಗ ವಿಶೇಷವಾಗಿ ಏರುವುವೆಂಬುದೂ, ರೋಗಕಾರಕವಾದ ಅಕ್ಷರದೋಷಗಳು ಮೇಲೆ ಹೇಳಿದ ಎರಡು ತುದಿಗಳಲ್ಲಿಯೇ ಗುಂಪುಗೂಡಿರುವುದೂ ನಿರೋಧವೇ ಇದರ ಮುಖ್ಯಕಾರ್ಯವೆಂಬ ಪಕ್ಷವನ್ನು ಬಲಪಡಿಸುವುವು. ಪ್ರಚೋದಕಪಕ್ಷವನ್ನು ಹಿಡಿದ ವಿದ್ವಾಂಸರೂ ಇದ್ದಾರೆಂಬುದನ್ನು ಮರೆಮಾಚಬೇಕಾಗಿಲ್ಲ. ನನಗೆ ಬಲವತ್ತರವಾಗಿ ತೋರಿದುದನ್ನು ಹೇಳಿದ್ದೇನೆ.

೫. ಮೌನವು ಕೆಟ್ಟಾಗ

ಇನ್ನು ರೋಗದ ವಿಚಾರ. ವಿಯೆನ್ನಾ ನಗರದ ಮಕ್ಕಳ ವೈದ್ಯನಾದ ಆಂಡ್ರಿಯಾಸ್ ರೆಟ್ ೧೯೫೪ರಲ್ಲಿ ತನ್ನ ಚಿಕಿತ್ಸಾಲಯದಲ್ಲಿ ತಾಯಂದಿರ ಪಕ್ಕದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಕೈಗಳನ್ನು ಒಂದೇ ರೀತಿಯಾಗಿ ಹಿಸುಕಿಕೊಳ್ಳುತ್ತಿದ್ದುದನ್ನು ಕಂಡನು. ೧೯೬೬ರಲ್ಲಿ ಇದನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದನು. ಆದರೆ ಲೋಕವು ಹೆಚ್ಚಾಗಿ ಗಮನಿಸಲಿಲ್ಲ. ೧೯೮೩ರಲ್ಲಿ ಸ್ವೀಡನ್ ದೇಶದ ಬೆಂಗ್ಟ್ ಹಾಗ್‌ಬರ್ಗನೂ ಸಂಗಡಿಗರೂ ೩೫ ಮಂದಿ ಹುಡುಗಿಯರ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಈ ರೋಗವು ರೆಟ್ಟನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಸುಮಾರು ೧೦,೦೦೦ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಬರುವುದು. ಆರರಿಂದ ಹದಿನೆಂಟು ತಿಂಗಳವರೆಗೆ ಬೆಳವಣಿಗೆಯು ಸರಿಯಾಗಿರುವಂತೆ ಕಾಣುವುದು. ಆ ಬಳಿಕ ಮಾತೂ ಕೈಯ ಕೆಲಸವೂ ಜಾರಿಹೋಗುವುವು. ನಡಿಗೆಯೂ ಉಸಿರಾಟವೂ ಕೆಡಬಹುದು.

ಇದರ ಮೂಲವು ಮೆಕ್‌ಪಿ-೨ರಲ್ಲಿಯೇ ಇದೆಯೆಂಬುದನ್ನು ೧೯೯೯ರಲ್ಲಿ ಜೋಗ್ಬಿಯ ಪ್ರಯೋಗಶಾಲೆಯವರು ಸ್ಥಾಪಿಸಿದರು. ದೋಷವು ಬಹುಮಟ್ಟಿಗೆ ಆ ಮಗುವಿನಲ್ಲಿಯೇ ಹೊಸದಾಗಿ ಬಂದುದು. ವಂಶದಲ್ಲಿ ಹರಿದು ಬಂದುದಲ್ಲ. ಇದನ್ನು ತಿಳಿದರೆ ತಂದೆತಾಯಿಗಳು ತಮ್ಮ ಕುಲವನ್ನು ಹಳಿದುಕೊಳ್ಳಬೇಕಾಗಿಲ್ಲ. ಹೆಣ್ಣುಮಕ್ಕಳೇ ಹೆಚ್ಚಾಗಿ ಈ ರೋಗದೊಡನೆ ಬದುಕಿರುವುದಕ್ಕೂ ಕಾರಣವುಂಟು. ಹೆಣ್ಣಿನ ಒಂದೊಂದು ಕೋಶದಲ್ಲಿಯೂ ಇರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮೌನವಾಗಿರುವುದೆಂದು ೧೯೬೧ರಲ್ಲಿ ಮೇರಿ ಲಯನ್ ಎಂಬಾಕೆ ಪ್ರತಿಪಾದಿಸಿದಳು. ಯಾವುದು ಮೌನವೆಂಬುದು ಕೋಶದಿಂದ ಕೋಶಕ್ಕೆ ಭಿನ್ನ. ಆದಕಾರಣ ಈ ಹುಡುಗಿಯರ ಮಿದುಳಿನಲ್ಲಿ ಕೆಲವು ಕೋಶಗಳು ದೋಷಯುಕ್ತ, ಕೆಲವು ನಿರ್ದುಷ್ಟ. ಒಂದೇ ಎಕ್ಸ್ ಇರುವ ಗಂಡುಮಕ್ಕಳಿಗೆ ಈ ಆಸರೆಯಿಲ್ಲ. ಅವರಲ್ಲಿ ವ್ಯಾಧಿಯು ಸಾಮಾನ್ಯವಾಗಿ ಹುಟ್ಟಿನಿಂದಲೇ ಅತ್ಯುಗ್ರವಾಗಿರುವುದು.

ಇಲ್ಲಿ ವಾಚಕರು ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಕೆಟ್ಟಿರುವುದು ಮೌನವನ್ನು ಕಾಯುವ ವಂಶವಾಹಿ. ಒಳಗೆ ತಗ್ಗಿರಬೇಕಾದ ದನಿಗಳು ತಗ್ಗದೆ ಹೋದುವು; ಅದರ ಫಲವಾಗಿ ಹೊರಗೆ ಮಗುವಿನ ಮಾತು ನಿಂತಿತು. ವಿರಾಮವೂ ಯತಿಯೂ ಇಲ್ಲದ ಓದಿನಲ್ಲಿ ಅಕ್ಷರಗಳೆಲ್ಲ ಇದ್ದರೂ ಅರ್ಥವು ಹೊರಡದೆ ಹೋಗುವುದನ್ನು ನಾವು ಪಾಠಶಾಲೆಯಲ್ಲಿ ದಿನವೂ ಕಾಣುತ್ತೇವೆ. ಮೌನವು ಅತಿಯಾದರೂ ಅನರ್ಥವೇ: ಇದೇ ವಂಶವಾಹಿಯು ಇಮ್ಮಡಿಯಾಗಿ, ಪ್ರೋಟೀನು ಹೆಚ್ಚಾದವರಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಮತ್ತೊಂದು ತೀವ್ರವಾದ ವ್ಯಾಧಿಯುಂಟಾಗುವುದೆಂದು ೨೦೦೫ರಲ್ಲಿ ತಿಳಿಯಬಂದಿತು.

೬. ಮರಳುವುದುಂಟೆ?

ಈ ರೋಗದಲ್ಲಿ ನರಕೋಶಗಳು ಸಾಯುವುದಿಲ್ಲ. ಅವು ಚಿಕ್ಕದಾಗಿರುವುವು, ಅವುಗಳ ಕೊಂಬೆಗಳು ವಿರಳವಾಗಿರುವುವು, ಆದರೆ ಬದುಕಿರುವುವು. ಹೀಗಿದ್ದರೂ ಮಿದುಳು ಬೆಳೆಯುವ ಕಾಲದಲ್ಲಿ ತಪ್ಪಿದುದನ್ನು ಆಮೇಲೆ ಸರಿಪಡಿಸಲಾಗದೆಂಬ ಭಾವನೆಯೇ ಬಹುಕಾಲ ಪ್ರಬಲವಾಗಿತ್ತು. ೨೦೦೭ರಲ್ಲಿ ಬರ್ಡನ ಬಳಗದವರು ಇದನ್ನು ಪರೀಕ್ಷೆಗೊಡ್ಡಿದರು. ಇಲಿಗಳ ಮೆಕ್‌ಪಿ-೨ ವಂಶವಾಹಿಯ ನಡುವೆ ಅವರು ಒಂದು ತಡೆಯನ್ನಿಟ್ಟರು. ನಿಯತವಾದ ಔಷಧಿಯನ್ನು ಕೊಟ್ಟೊಡನೆ ಆ ತಡೆಯು ಕಳಚಿಬೀಳುವಂತೆ ಏರ್ಪಾಡಾಗಿತ್ತು. ಇಲಿಗಳು ಬೆಳೆದು ವ್ಯಾಧಿಯ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಔಷಧಿಯನ್ನು ಕೊಟ್ಟರು. ಪ್ರೋಟೀನು ಮರಳಿತು, ನಡುಗುತ್ತಿದ್ದ, ಉಸಿರು ತಪ್ಪುತ್ತಿದ್ದ ಇಲಿಗಳಲ್ಲಿ ಹಲವು ಚೇತರಿಸಿಕೊಂಡು ಸಾಮಾನ್ಯ ಇಲಿಗಳಂತೆ ಓಡಾಡಿದುವು.

ಮೀಥೈಲ್ ಗುರುತುಗಳು ಅಷ್ಟುಕಾಲವೂ ಸ್ವಸ್ಥಾನದಲ್ಲಿಯೇ ಇದ್ದುವೆಂದೂ, ಓದುವವನು ಬಂದೊಡನೆ ಓದು ಮೊದಲಾಯಿತೆಂದೂ ಇದನ್ನು ವಿವರಿಸುತ್ತಾರೆ. ಇಲಿಯಲ್ಲಿ ಸಿದ್ಧಿಸಿದುದು ಮನುಷ್ಯರಲ್ಲಿ ಸಿದ್ಧಿಸಿತೆಂದು ಹೇಳತಕ್ಕದ್ದಲ್ಲ. ಅಮೆರಿಕದಲ್ಲಿ ೨೦೨೩ರ ಮಾರ್ಚಿಯಲ್ಲಿ ಟ್ರೋಫಿನೆಟೈಡ್ ಎಂಬ ಔಷಧಿಗೆ ಅನುಮತಿ ದೊರೆತಿದೆ. ಅದು ಲಕ್ಷಣಗಳನ್ನು ಕೆಲಮಟ್ಟಿಗೆ ಇಳಿಸುವುದೇ ಹೊರತು ವಂಶವಾಹಿಯನ್ನು ತಿದ್ದುವುದಿಲ್ಲ. ನಿರ್ದುಷ್ಟವಾದ ವಂಶವಾಹಿಯನ್ನೇ ಒಳಸೇರಿಸುವ ಚಿಕಿತ್ಸೆಯ ಪರೀಕ್ಷೆಗಳು ಅದೇ ವರ್ಷದಲ್ಲಿ ಮನುಷ್ಯರಲ್ಲಿ ಆರಂಭವಾದುವು. ಕಡಮೆಯೂ ಆಗದೆ ಹೆಚ್ಚೂ ಆಗದೆ ಪ್ರೋಟೀನನ್ನು ಒದಗಿಸುವುದೇ ಅಲ್ಲಿನ ಕಷ್ಟ.

೭. ಶಬ್ದನಿರ್ಣಯ

ಈಗ ಮಿತ್ರರ ಪ್ರಶ್ನೆಗೆ ಬರೋಣ. ಪಾಣಿನಿಯು ಲೋಪವೆಂಬುದನ್ನು ಕಾಣದಿರುವಿಕೆಯೆಂದು ಲಕ್ಷಣಿಸಿದನೇ ವಿನಾ ನಾಶವೆಂದು ಹೇಳಲಿಲ್ಲ. ಪ್ರತ್ಯಯವು ಲೋಪವಾದರೂ ಅದರಿಂದಾಗಬೇಕಾದ ಕಾರ್ಯವು ನಡೆಯುವುದೆಂಬುದು ಆತನ ಶಾಸ್ತ್ರದ ಪ್ರಸಿದ್ಧವಾದ ವ್ಯವಸ್ಥೆ. ಕನ್ನಡದ 'ಊರೂರು' ಎಂಬಲ್ಲಿ ಲೋಪವಾದ ಉಕಾರವು ಪದವನ್ನು ಬಿಡಿಸಿದೊಡನೆ ತನ್ನ ಎಡೆಗೆ ಬಂದು ನಿಲ್ಲುವುದನ್ನು ಬಾಲರೂ ಬಲ್ಲರು. ಕ್ರೊಮಾಟಿನ್ ಬಿಗಿದು ಪ್ರತಿಲೇಖನವು ತಗ್ಗುವುದು ಈ ಜಾತಿಯ ಸಂಗತಿ. ಪಾಠವು ಅಲ್ಲಿಯೇ ಇದೆ, ಉಚ್ಚಾರವು ತಡೆಯಲ್ಪಟ್ಟಿದೆ. ಆದರೆ ಲೋಪವೆಂಬ ಶಬ್ದವನ್ನು ನೇರವಾಗಿ ಎತ್ತಿಡುವುದೂ ಸರಿಯಾಗದು. ಏಕೆಂದರೆ ವ್ಯಾಕರಣದ ಲೋಪದಲ್ಲಿ ವರ್ಣವು ಪೂರ್ಣವಾಗಿ ಅದೃಶ್ಯವಾಗುವುದು, ಇಲ್ಲಿ ಬಹುವೇಳೆ ದನಿಯು ತಗ್ಗುವುದಷ್ಟೇ. ಉಪಮಾನವು ಎಲ್ಲ ಅಂಶಗಳಲ್ಲಿಯೂ ಹೊಂದಬೇಕೆಂದಿಲ್ಲ. ಹೊಂದದೆಡೆಯನ್ನು ಹೇಳದಿರುವುದು ಮಾತ್ರ ದೋಷ. ಆದುದರಿಂದ 'ಪ್ರತಿಲೇಖನನಿರೋಧ' ಎಂಬುದನ್ನೇ ಪರಿಭಾಷೆಯಾಗಿಟ್ಟು, ಸಾಮಾನ್ಯರಿಗೆ ಹೇಳುವಲ್ಲಿ 'ತಡೆದಿಡುವುದು', 'ತಗ್ಗಿಸಿಡುವುದು' ಎಂಬ ತಿಳಿಗನ್ನಡವನ್ನು ಬಳಸಬಹುದೆಂದು ನನ್ನ ಅಭಿಪ್ರಾಯ. 'ನಾಶ' ಶಬ್ದವು ಇಲ್ಲಿ ಸರ್ವಥಾ ಅಗ್ರಾಹ್ಯ.

ನಾನು ಮಿತ್ರರ ವಾಕ್ಯವನ್ನು ಹೀಗೆ ತಿದ್ದಿಕೊಟ್ಟೆನು: 'ಇತರ ವಂಶವಾಹಿಗಳನ್ನು ಹದವರಿತು ತಡೆದಿಡುವ ವಂಶವಾಹಿಯೊಂದರಲ್ಲಿ ದೋಷವಿದೆ, ಮಗುವಿನ ನರಕೋಶಗಳು ಬದುಕಿವೆ.' ಅವರು ಅದನ್ನು ಮನೆಗೆ ಒಯ್ದು ಓದಿದರು. ರೋಗವು ಇದರಿಂದ ಕಡಮೆಯಾಗಲಿಲ್ಲ, ಆಗುವಂಥದೂ ಅಲ್ಲ. ಆದರೆ ಅಜ್ಜಿಯು ಮರುದಿನದಿಂದ ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಮೊದಲಿನಂತೆ ಕಥೆ ಹೇಳತೊಡಗಿದರಂತೆ. ಮಾತಾಡಲಾರದ ಇಂತಹ ಮಕ್ಕಳು ಕಣ್ಣಿನಿಂದ ಬಹಳ ಹೇಳಬಲ್ಲರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಕೇಳುವ ಮಗುವಿಗೆ ಕಥೆಯು ವ್ಯರ್ಥವೆಂದು ಯಾರು ಹೇಳಬಲ್ಲರು? ಪರಿಭಾಷೆಯನ್ನು ರಚಿಸುವ ಪಂಡಿತರು ತಾವು ಆರಿಸಿದ ಶಬ್ದವು ಕೊನೆಗೆ ಯಾರ ಮನೆಯ ಜಗುಲಿಯನ್ನು ಸೇರುವುದೆಂಬುದನ್ನೂ ಮನಸ್ಸಿನಲ್ಲಿಡಬೇಕೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇನೆ.